ಕಾಲದ ಏರಿಳಿತ ಮತ್ತು ಮನುಷ್ಯನ ಪ್ರಮಾದ

ಮಳೆಯ ಹೆಚ್ಚು-ಕಡಿಮೆ ಪ್ರಕೃತಿಯ ಸ್ವಭಾವವೆಂದ ಮೇಲೆ, ನೆರೆ-ಬರಗಳಿಂದಾಗುವ ಜೀವಹಾನಿಗೆ ಮನುಷ್ಯನು ಹೊಣೆಯೇ? ಇದು ಬಯಲುಸೀಮೆಯವರ ಪ್ರಶ್ನೆ ಮಾತ್ರವಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಪುತ್ತೂರಿನ ದರ್ಬೆಯಂತಹ ಊರುಗಳೂ ಇದಕ್ಕೆ ಉತ್ತರಿಸಬೇಕಾಗಿದೆ.

1923ರಲ್ಲಿ ನೇತ್ರಾವತಿಯ ನೆರೆ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿತು. 1974ರಲ್ಲಿ ಬಂಟ್ವಾಳ ಮತ್ತೆ ಮುಳುಗಿತು. ಮೊದಲನೆಯದನ್ನು ಕಂಡ ಬಾಲಕ ಎರಡನೆಯದರ ಹೊತ್ತಿಗೆ ಅಜ್ಜನಾಗಿದ್ದನು. ಶಾಂತಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಬಿಸಿಯೇರುವ ಎಲ್ ನಿನೊ ಮುಂಗಾರನ್ನು ಕುಗ್ಗಿಸುವುದುಂಟು. ಮೈಸೂರು ಸೀಮೆಯನ್ನು ಕಾಡಿದ 1876-78ರ ಧಾತು-ಈಶ್ವರ ಕ್ಷಾಮ ಅಂತಹ ಪ್ರಬಲ ಎಲ್ ನಿನೊ ಕಾಲದ್ದು. ಇದಲ್ಲದೆ ದಶಕಗಳುದ್ದದ ನಿಧಾನವಾದ ಏರಿಳಿತಗಳೂ ಇವೆ. ಇಪ್ಪತ್ತು ವರ್ಷಗಳ ಸುಭಿಕ್ಷವನ್ನು ಕಂಡವನು ‘ಮಳೆಯೆಂದರೆ ಇಷ್ಟೇ’ ಎಂದು ನಿಶ್ಚಯಿಸಿದರೆ ಅದು ಏಕಾಂತದೃಷ್ಟಿ. ಒಂದು ಆಯುಷ್ಯದ ಅನುಭವ ಸತ್ಯದ ಒಂದು ಮುಖ ಮಾತ್ರ.

ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ಅರಿತು ಶ್ರುತಕೇವಲಿ ಭದ್ರಬಾಹುಗಳು ಸಂಘವನ್ನು ದಕ್ಷಿಣಾಪಥಕ್ಕೆ ಕರೆತಂದ ಕಥೆಯನ್ನು ಶ್ರವಣಬೆಳಗೊಳದ ಪರಂಪರೆ ಇಂದಿಗೂ ನೆನೆಯುತ್ತದೆ. ಕ್ಷಾಮವನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ. ಅರಿತಮೇಲೆ ಸುಮ್ಮನಿರದಿರುವುದು ಅವರ ಕೈಯಲ್ಲಿತ್ತು.

ಹಿಂಸೆಯ ಮೂಲ ಪ್ರಮಾದವೆಂಬುದು ತತ್ತ್ವಾರ್ಥಸೂತ್ರದ ವಿಚಾರ. ಮಳೆಗೆ ಪ್ರಮಾದವಿಲ್ಲ. ಹಳೆಯ ನೆರೆಯ ಗುರುತನ್ನು ಬಲ್ಲವನು ಅದರ ಕೆಳಗೆ ಛತ್ರ ಕಟ್ಟಿಸಿದರೆ, ಮದಕವನ್ನು ಮುಚ್ಚಿ ನಿವೇಶನ ಮಾಡಿದರೆ, ಅಲ್ಲಿ ಪ್ರಮಾದವುಂಟು. ನದಿಯ ಪಾತ್ರವನ್ನು ನದಿಗೆ ಬಿಡುವುದೂ ಅಪರಿಗ್ರಹವೇ.

2019ರ ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಯಾತ್ರೆಯನ್ನು ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿಗಳು ಭಕ್ತರನ್ನು ಕೋರಿದರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಹರಿಯಿತು. ಮನುಷ್ಯಕೃತವಾದ ಭೂತಾಪವೂ ಸಹಜ ಏರಿಳಿತದೊಡನೆ ಕೂಡಿರುವ ಇಂದು, ‘ಎಲ್ಲವೂ ಪ್ರಕೃತಿಯ ಆಟ’ ಎಂಬ ಸಮಾಧಾನ ಸಲ್ಲದು.

ಐವತ್ತು ವರ್ಷಗಳಿಗೊಮ್ಮೆ ಬರುವ ವಿಪತ್ತಿಗೆ ಇಂದೇ ವ್ಯಯವೇಕೆ ಎಂಬ ಆಕ್ಷೇಪ ಸಹಜವಾದುದು. ಇಂದು ಮದಕದ ಹೂಳೆತ್ತಿಸಿದವನು, ತೋಡಿಗೆ ಕಟ್ಟ ಹಾಕಿಸಿದವನು ಅದರ ಪೂರ್ಣ ಫಲವನ್ನು ಕಾಣದಿರಬಹುದು. ಆದರೆ ಬಸದಿಯನ್ನು ಕಟ್ಟಿಸಿದವರೂ ತಮ್ಮ ಆಯುಷ್ಯವನ್ನಷ್ಟೇ ಲೆಕ್ಕಹಾಕಲಿಲ್ಲ. ಕಾಣದ ಪೀಳಿಗೆಯ ಪ್ರಾಣಕ್ಕೆ ನೀಡುವ ಅಭಯವೂ ದಾನವೇ. ಆ ದಾನಕ್ಕೆ ಮೊದಲು ಬೇಕಾದುದು ಹಣವಲ್ಲ, ಮರೆಯದಿರುವ ಮನಸ್ಸು.