ಗೆರೆಯಾಚೆಯ ಗಿರಿ

ಆರ್ಮೇನಿಯದ ರಾಜಧಾನಿಯಾದ ಯೆರೆವಾನಿನಲ್ಲಿ, ಆಕಾಶ ತಿಳಿಯಾಗಿರುವ ದಿನ, ದಕ್ಷಿಣಕ್ಕೆ ಮುಖಮಾಡಿ ನಿಂತವನಿಗೆ 5,137 ಮೀಟರು ಎತ್ತರದ ಹಿಮಕಿರೀಟಿಯಾದ ಅರರಾತ್ ಪರ್ವತ ಕಣ್ತುಂಬ ಕಾಣುತ್ತದೆ. ಪ್ರಳಯಜಲ ಇಳಿದಾಗ ನೋಹನ ನಾವೆ ಬಂದು ತಂಗಿತೆಂದು ಕ್ರೈಸ್ತರು ನಂಬಿಕೊಂಡು ಬಂದಿರುವ ಗಿರಿ ಅದು. ಆರ್ಮೇನಿಯದವರು ಅದನ್ನು ಮಾಸಿಸ್ ಎಂದು ಕರೆದು, ತಮ್ಮ ರಾಜ್ಯಲಾಂಛನದ ನಡುವೆ ಇರಿಸಿಕೊಂಡಿದ್ದಾರೆ. ಆದರೆ ಗಿರಿ ಇರುವುದು ತುರ್ಕಿಯಲ್ಲಿ. ಅದರೆದುರಿನ ಬಯಲಿನಲ್ಲಿ, ಗಡಿಗೆ ತೀರ ಸಮೀಪವಾಗಿ, ಖೋರ್ ವಿರಾಪ್ ಎಂಬ ಮಠವಿದೆ. ತಿರಿದಾತ ರಾಜನು ಸಂತ ಗ್ರೆಗೊರಿಯನ್ನು ಹದಿಮೂರು ವರ್ಷ ಕೂಪದಲ್ಲಿ ಸೆರೆಯಿಟ್ಟದ್ದು ಅಲ್ಲಿಯೇ ಎಂದೂ, ಕಡೆಗೆ ಅವನಿಂದಲೇ ದೀಕ್ಷೆ ಪಡೆದು 301ರಲ್ಲಿ ಕ್ರೈಸ್ತಮತವನ್ನು ನಾಡಿನ ಮತವನ್ನಾಗಿ ಸ್ವೀಕರಿಸಿದನೆಂದೂ ಐತಿಹ್ಯ. ಆ ಮಠದಲ್ಲಿ ಪ್ರಾರ್ಥನೆ ಮುಗಿಸಿ ಹೊರಬಂದ ಯಾತ್ರಿಕನಿಗೆ ಗಿರಿಯ ದರ್ಶನವುಂಟು, ಪ್ರದಕ್ಷಿಣೆಯಿಲ್ಲ; ತುರ್ಕಿ ತನ್ನ ಕಡೆಯ ಗಡಿಯನ್ನು 1993ರಲ್ಲಿ ಮುಚ್ಚಿತು.

ಅಂಥ ಸ್ಥಳದಲ್ಲಿ ನಿಂತವನಿಗೆ ‘ಈ ಗೆರೆ ಬೇರೊಂದೆಡೆ ಬಿದ್ದಿದ್ದರೆ?’ ಎಂಬ ಪ್ರಶ್ನೆ ಏಳದಿರುವುದು ಅಸಾಧ್ಯ. ಬೇರೊಂದೆಡೆ ಬಿದ್ದ ಗೆರೆಯೊಂದು ನಿಜವಾಗಿಯೂ ಒಮ್ಮೆ ಕಾಗದದ ಮೇಲೆ ಇತ್ತೆಂಬುದನ್ನು ಬಲ್ಲವನಿಗಂತೂ ಆ ಪ್ರಶ್ನೆ ಮುಳ್ಳಾಗಿಯೇ ಉಳಿಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಒಟ್ಟೊಮನ್ ಸಾಮ್ರಾಜ್ಯದೊಡನೆ 1920ರ ಆಗಸ್ಟ್ 10ರಂದು ಸೆವ್ರ್‌ನಲ್ಲಿ ಆದ ಒಪ್ಪಂದವು, 1918ರಲ್ಲಷ್ಟೇ ಹುಟ್ಟಿದ್ದ ಆರ್ಮೇನಿಯ ಗಣರಾಜ್ಯಕ್ಕೂ ತುರ್ಕಿಗೂ ನಡುವಣ ಎಲ್ಲೆಯನ್ನು ಗೊತ್ತುಮಾಡುವ ಹೊಣೆಯನ್ನು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ ಒಪ್ಪಿಸಿತು. ಎರ್ಜುರುಮ್, ವಾನ್, ಬಿತ್ಲಿಸ್ ಪ್ರಾಂತಗಳ ಬಹುಭಾಗವನ್ನೂ, ಕಪ್ಪುಸಮುದ್ರದ ದಡದ ಟ್ರೆಬಿಜಾಂಡ್ ಪಟ್ಟಣವನ್ನೂ ಅವರ ತೀರ್ಪು ಆರ್ಮೇನಿಯಕ್ಕೆ ಕೊಟ್ಟಿತು. ತೀರ್ಪಿಗೆ ಅಂಕಿತ ಬಿದ್ದದ್ದು ನವೆಂಬರ್ 22ರಂದು. ಆ ವೇಳೆಗೆ ಕಾರ್ಸ್ ಕೋಟೆ ತುರ್ಕರ ವಶವಾಗಿ ಮೂರು ವಾರ ಸಂದಿದ್ದುವು, ಇನ್ನು ಹತ್ತು ದಿನ ಕಳೆಯುವಷ್ಟರಲ್ಲಿ ಯೆರೆವಾನಿನ ಅಧಿಕಾರ ಬೊಲ್ಷೆವಿಕರ ಕೈಸೇರಿತು. 1921ರ ಕಾರ್ಸ್ ಒಪ್ಪಂದ ಅರರಾತನ್ನು ತುರ್ಕಿಗೆ ಬಿಟ್ಟಿತು. 1923ರ ಲೋಸಾನ್ ಒಪ್ಪಂದದಲ್ಲಿ ಆರ್ಮೇನಿಯದ ಹೆಸರೇ ಬರಲಿಲ್ಲ.

ನಡೆಯದೆ ಹೋದದ್ದನ್ನು ನಡೆದಿತ್ತೆಂದು ಭಾವಿಸಿ ನೋಡುವ ಈ ವ್ಯಾಪಾರಕ್ಕೆ ಏನಾದರೂ ಬೆಲೆಯುಂಟೆ? ನಮ್ಮ ನೈಯಾಯಿಕರು ಅದಕ್ಕೆ ತರ್ಕವೆಂದೇ ಹೆಸರಿಟ್ಟರು. ಹೊಗೆಯಾಡುವ ಬೆಟ್ಟವನ್ನು ಕಣ್ಣಾರೆ ಕಂಡೂ ಅಲ್ಲಿ ಬೆಂಕಿಯಿಲ್ಲವೆನ್ನುವವನಿಗೆ, ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲವೆಂದು ತೋರಿಸಿಕೊಡುವ ಆರೋಪವೇ ತರ್ಕ. ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಅದನ್ನು ಸಂಶಯ ವಿಪರ್ಯಯಗಳ ಪಂಕ್ತಿಯಲ್ಲಿ, ಅಯಥಾರ್ಥಾನುಭವವೆಂದೇ ಎಣಿಸಿದ್ದಾನೆ; ಆದರೂ ಸಂಶಯವನ್ನು ಕಳೆದು ಪ್ರಮಾಣಕ್ಕೆ ದಾರಿ ತೆರವುಮಾಡಿಕೊಡುವ ಊಳಿಗ ಅದರದೆಂದು ನೈಯಾಯಿಕರು ಒಪ್ಪುತ್ತಾರೆ. ತಾನು ದಿಟವಲ್ಲದಿದ್ದರೂ ದಿಟದ ಆಳಾಗಿ ದುಡಿಯಬಲ್ಲದು. ಆಳೇ ಅರಸಾಗಿ ಗದ್ದುಗೆಯೇರಿ ‘ಆಗಿದ್ದರೆ’ ಎಂಬುದು ‘ಆಗಲೇಬೇಕಿತ್ತು, ಆಗಿಯೇ ತೀರಬೇಕು’ ಎಂದಾಯಿತೋ, ಅದು ಭ್ರಾಂತಿ, ತೃಷ್ಣೆ. ರಾಷ್ಟ್ರಗಳ ವಿಷಯದಲ್ಲಿ ಹಲವು ವೇಳೆ ರಕ್ತಪಾತ.

ಹಾಗಾದರೆ ಆಳಿನಿಂದ ಆಳಿನ ಕೆಲಸವನ್ನೇ ಮಾಡಿಸಿ ನೋಡೋಣ. ವಿಲ್ಸನ್ನರ ಗೆರೆ ನಿಂತಿತೆಂದೇ ಆರೋಪಿಸೋಣ. ಇಂದು 29,743 ಚದರ ಕಿಲೋಮೀಟರುಗಳಷ್ಟೇ ಇರುವ, ಸುತ್ತಲೂ ನೆಲವೇ ಕಟ್ಟಿಹಾಕಿರುವ ನಾಡಿಗೆ ಇನ್ನೂ ಸುಮಾರು ಒಂದು ಲಕ್ಷ ಚದರ ಕಿಲೋಮೀಟರುಗಳೂ ಕಡಲೂ ದೊರೆಯುತ್ತವೆ. ವಾನ್ ಸರೋವರದ ಅಖ್ತಮಾರ್ ದ್ವೀಪದಲ್ಲಿ ಹತ್ತನೆಯ ಶತಮಾನದಿಂದ ನಿಂತಿರುವ ದೇವಾಲಯದ ಬಾಗಿಲು ಅವರ ಕೈಯಲ್ಲಿ ತೆರೆಯುತ್ತದೆ. ಆದರೆ ಆ ಬಾಗಿಲೊಳಕ್ಕೆ ಬರುವವರು ಯಾರು? ಆ ಪ್ರಾಂತಗಳ ಆರ್ಮೇನಿಯನರನ್ನು 1915ರಿಂದಲೇ ಊರೂರಾಗಿ ಕೊಂದು, ಅಳಿದುಳಿದವರನ್ನು ಸಿರಿಯದ ಮರುಭೂಮಿಗೆ ಅಟ್ಟಿದ್ದಾಗಿತ್ತು. ಉಳಿದಿದ್ದವರಲ್ಲಿ ತುರ್ಕರೂ ಕುರ್ದರೂ ಹೆಚ್ಚು. ಗಾಯಗೊಂಡ ಪುಟ್ಟ ಜನಾಂಗವೊಂದು ತನ್ನನ್ನೊಲ್ಲದ ಬಹುಜನರ ಮೇಲೆ ದೊರೆತನ ನಡೆಸಬೇಕಾಗುತ್ತಿತ್ತು. ಬೆಂಬಲಕ್ಕೆ ನಿಲ್ಲಬೇಕಾಗಿದ್ದ ಅಮೆರಿಕದ ಸೆನೆಟ್ ಸಭೆಯೋ, 1920ರ ಜೂನ್ 1ರಂದೇ ಆರ್ಮೇನಿಯದ ಪಾಲನೆಯ ಹೊಣೆ ತನಗೆ ಬೇಡವೆಂದುಬಿಟ್ಟಿತ್ತು. ತರ್ಕ ನಮ್ಮನ್ನು ತಂದು ನಿಲ್ಲಿಸುವುದು ಇಲ್ಲಿಗೆ: ಗೆರೆ ಬರಿಯ ಹೊಗೆ, ಬೆಂಕಿ ಅದಕ್ಕೆ ಐದು ವರ್ಷ ಮೊದಲೇ ಹೊತ್ತಿತ್ತು. ಯಾವ ಲೇಖನಿಯಾದರೂ ಕೊಡಬಹುದಾಗಿದ್ದುದು ಮಣ್ಣನ್ನು. ಆ ಮಣ್ಣಿನ ಮಕ್ಕಳನ್ನಲ್ಲ.

ಕ್ಷೇತ್ರವೇ ಬೇರೆ, ಕ್ಷೇತ್ರಜ್ಞನೇ ಬೇರೆ, ದೇಹ ಕಿರಿದಾದರೆ ಆತ್ಮಕ್ಕೇನು ಕೊರತೆ, ಎಂದು ವೇದಾಂತಿಯೊಬ್ಬನು ಇಲ್ಲಿ ಸಮಾಧಾನ ಹೇಳಬಹುದು. ಐದನೆಯ ಶತಮಾನದ ಮೊದಲಲ್ಲಿ ಮೆಸ್ರೋಪ್ ಮಾಷ್ಟೋತ್ಸನು ರೂಪಿಸಿದ ಆರ್ಮೇನಿಯನ್ ಲಿಪಿಯ ಮೂವತ್ತಾರು ಅಕ್ಷರಗಳು ಎಷ್ಟೋ ರಾಜ್ಯಗಳು ಮಣ್ಣಾದ ಮೇಲೂ ಬಾಳಿರುವುದನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಮನೆ ಕಳೆದುಕೊಂಡವನಿಗೆ ಮನೆ ಮಿಥ್ಯೆಯೆಂದು, ಸ್ವಂತ ಸೂರಿನಡಿ ಕುಳಿತವನು ಹೇಳುವುದು ವೇದಾಂತವಲ್ಲ, ನಿಷ್ಕರುಣೆ. ಆ ಮಾತನ್ನು ಹೇಳುವ ಅಧಿಕಾರ ಕಳೆದುಕೊಂಡವನಿಗೆ ಮಾತ್ರ ಉಂಟು.

ಹಾಗೆ ನಾಡನ್ನೇ ಕಳೆದುಕೊಂಡಿದ್ದವರು, ವಿಲ್ಸನ್ನರಿಗೆ ಒಂದೂವರೆ ಶತಮಾನ ಹಿಂದೆ, ನಮ್ಮ ನೆರೆಯ ಮದರಾಸಿನಲ್ಲಿಯೇ ಇದ್ದರು. ಅಲ್ಲಿನ ಆರ್ಮೇನಿಯನ್ ವರ್ತಕರಲ್ಲಿ ಒಬ್ಬನಾದ ಶಹಮೀರ್ ಶಹಮೀರಿಯಾನನ ಮುದ್ರಣಾಲಯದಿಂದ, 1773ನೆಯ ಇಸವಿಯನ್ನು ಹೊತ್ತು, ಮುಂದೆಂದೋ ಉದಯಿಸಬಹುದಾದ ಸ್ವತಂತ್ರ ಆರ್ಮೇನಿಯಕ್ಕೆ ಒಂದು ರಾಜ್ಯಶಾಸನದ ಕರಡು ಹೊರಬಂದಿತು. ಆಗ ಆ ಜನರಿಗೆ ತಮ್ಮದೆನ್ನುವ ರಾಜ್ಯವಾಗಲಿ ಅರಸನಾಗಲಿ ಇರಲಿಲ್ಲ. ಅರಸೊತ್ತಿಗೆಯ ಮೇಲೆಯೇ ಅವರಿಗೆ ನಂಬಿಕೆ ಹೋಗಿದ್ದಿರಬೇಕು. ವ್ಯಕ್ತಿಯ ಇಚ್ಛೆಗಿಂತ ಕಾನೂನು ಮೇಲು, ಆಳುವವರನ್ನು ಪ್ರಜೆಗಳ ಪ್ರತಿನಿಧಿಗಳು ಆರಿಸಬೇಕು ಎಂಬುದು ಆ ಗ್ರಂಥದ ಸಾರ. ಪರದೇಶದ ಸಮುದ್ರತೀರದಲ್ಲಿ ಜವಳಿ, ರತ್ನಗಳ ಲೆಕ್ಕ ಬರೆಯುತ್ತಿದ್ದ ಕೈಗಳು, ಎಲ್ಲೆ ಎಲ್ಲಿಂದೆಲ್ಲಿಗೆ ಎಂಬ ಯೋಚನೆಗೆ ಮೊದಲು ಎಲ್ಲೆಯೊಳಗಿನ ಬಾಳು ಹೇಗಿರಬೇಕೆಂಬುದನ್ನು ಮೊಳೆ ಜೋಡಿಸಿ ಅಚ್ಚುಹಾಕಿದುವು. ಅದೂ ‘ಆಗಿದ್ದರೆ’ ಎಂಬುದೇ. ಆದರೆ ಯಾರ ನೆಲವನ್ನೂ ಕೇಳದ, ತನ್ನ ಜನವನ್ನೇ ಮೊದಲು ಕಟ್ಟಿಹಾಕಿಕೊಂಡ ‘ಆಗಿದ್ದರೆ’. ಖೋರ್ ವಿರಾಪಿನ ಯಾತ್ರಿಕನ ನಿಟ್ಟುಸಿರನ್ನು ನಾನು ಅಲ್ಲಗಳೆಯಲಾರೆ. ಆದರೆ ಅರರಾತ್ ಕಾಣದ ಊರಿನಲ್ಲಿ ಕುಳಿತು ಬರೆದ ಆ ಪುಸ್ತಕವನ್ನು ನೆನೆದಾಗಲೆಲ್ಲ, ಗಿರಿಯನ್ನು ಅವರು ನಮಗಿಂತ ಹತ್ತಿರದಿಂದ ನೋಡಿದ್ದರೆಂದು ನನಗೆ ತೋರುತ್ತದೆ.