ಟ್ಯಾಲೆಂಟ್ ಮತ್ತು ತಲಾಂತು

ಮಕ್ಕಳ ಪರೀಕ್ಷೆಯ ಫಲಿತಾಂಶ ಬಂತೆಂದರೆ ನಮ್ಮ ಗೋವಿಂದರಾಜನಗರದ ಮನೆಗಳಲ್ಲಿ ಕೇಳಿಬರುವ ಇಂಗ್ಲಿಷ್ ಪದ 'ಟ್ಯಾಲೆಂಟ್'. "ದೊಡ್ಡವನಿಗೆ ಟ್ಯಾಲೆಂಟ್ ಇದೆ, ಚಿಕ್ಕವನಿಗೆ ಇಲ್ಲ" ಎಂದು ಎಷ್ಟು ಸುಲಭವಾಗಿ ತೀರ್ಪು ನೀಡಿಬಿಡುತ್ತೇವೆ! ಇದೇ ಪದವನ್ನು ದೇವಾಲಯದಲ್ಲಿಯೂ ಬೇರೊಂದು ರೂಪದಲ್ಲಿ ಕೇಳಿದ್ದೇವೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ 'ತಲಾಂತು' ಇದೇ ಮಾತು. ಒಂದೇ ಗ್ರೀಕ್ ಪದ ಎರಡು ಬಾಗಿಲುಗಳಿಂದ ಕನ್ನಡದ ಮನೆಯನ್ನು ಹೊಕ್ಕಿದೆ.

ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ತಕ್ಕಡಿ, ತೂಕ ಎಂಬ ಅರ್ಥಗಳಿದ್ದವು. ಮುಂದೆ ಅಷ್ಟು ತೂಕದ ಬೆಳ್ಳಿಗೂ ಅದೇ ಹೆಸರಾಯಿತು. ಒಂದು ತಲಾಂತು ಸುಮಾರು 6,000 ದಿನಾರಿ ನಾಣ್ಯಗಳಿಗೆ ಸಮ. ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದಿನಾರಿ. ವರ್ಷಕ್ಕೆ 300 ದಿನ ದುಡಿದರೂ ಒಂದು ತಲಾಂತು ಗಳಿಸಲು 20 ವರ್ಷ ಬೇಕು. ಆದುದರಿಂದ ಸಾಮ್ಯದ ಮೂರನೆಯ ಆಳಿಗೆ ದೊರೆತದ್ದೂ ಅಲ್ಪವೇನಲ್ಲ.

ಈ ಸಾಮ್ಯದ ವ್ಯಾಖ್ಯಾನಗಳಿಂದಲೇ 15ನೆಯ ಶತಮಾನದ ಇಂಗ್ಲಿಷಿನಲ್ಲಿ ಹಣದ ಈ ಹೆಸರು 'ಹುಟ್ಟುಗುಣವಾದ ಸಾಮರ್ಥ್ಯ' ಎಂಬ ಅರ್ಥವನ್ನು ಪಡೆಯಿತು. ಸಾಮರ್ಥ್ಯವೂ ದೇವರ ವರವೇ ಆದುದರಿಂದ ಈ ಬಳಕೆ ತಪ್ಪಲ್ಲ. ಆದರೂ ಒಂದು ಸೂಕ್ಷ್ಮ ಇಲ್ಲಿ ಮರೆಯಾಯಿತು. ಯಜಮಾನನು ಆಯಾ ಆಳಿನ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಒಪ್ಪಿಸಿದನೆಂದು ಸುವಾರ್ತೆ ಹೇಳುತ್ತದೆ. ಅಂದರೆ ಅಲ್ಲಿ ಸಾಮರ್ಥ್ಯ ಬೇರೆ, ತಲಾಂತು ಬೇರೆ. ಸಾಮರ್ಥ್ಯ ಆಳಿನದು; ತಲಾಂತು ಯಜಮಾನನದು. ಎರಡೂ ಒಂದೇ ಆದಾಗ, ಒಪ್ಪಿಸಲ್ಪಟ್ಟದ್ದು 'ನನ್ನದು' ಆಗಿಬಿಟ್ಟಿತು.

ಟ್ಯಾಲೆಂಟಿಗೆ ನಾವು ಬಳಸುವ 'ಪ್ರತಿಭೆ' ಎಂಬ ಪದದ ಮೂಲದಲ್ಲಿ ಹೊಳೆಯುವಿಕೆಯ ಅರ್ಥವಿದೆ. ಹೊಳೆದದ್ದು ಎಲ್ಲರಿಗೂ ಕಾಣುತ್ತದೆ, ಚಪ್ಪಾಳೆ ಪಡೆಯುತ್ತದೆ. ತಲಾಂತಿಗೆ ಇರುವುದು ತೂಕ. ಅದನ್ನು ಹೊತ್ತವನಿಗೆ ಮಾತ್ರ ಅದು ಗೊತ್ತು. ಹಾಸಿಗೆ ಹಿಡಿದ ಅಜ್ಜಿಗೆ ದಿನವೂ ಊಟ ಮಾಡಿಸುವ ಹುಡುಗಿಯ ತಾಳ್ಮೆಗೆ ಯಾವ ವೇದಿಕೆಯಲ್ಲಿಯೂ ಬಹುಮಾನವಿಲ್ಲ. ಆದರೆ ಅವಳ ಕೈಗೆ ಒಂದು ಜೀವವೇ ಒಪ್ಪಿಸಲ್ಪಟ್ಟಿದೆ. ಅದಕ್ಕಿಂತ ಭಾರವಾದ ತಲಾಂತು ಯಾವುದು? ಹಾಗೆಯೇ, ತರಗತಿಗೆ ಮೊದಲಿಗನಾದವನ ಅಂಕಗಳಲ್ಲಿ ತಾಯಿತಂದೆಯರ ದುಡಿಮೆಯೂ ಗುರುಗಳ ಶ್ರಮವೂ ಸೇರಿವೆ. ಅವನು ಹೆಮ್ಮೆಪಡುವುದಕ್ಕಿಂತ ಲೆಕ್ಕ ಒಪ್ಪಿಸುವುದು ಹೆಚ್ಚು ಉಚಿತ.

ಮೂರನೆಯ ಆಳು ತನ್ನ ತಲಾಂತನ್ನು ಹೂತಿಟ್ಟದ್ದೇಕೆ? ಯಜಮಾನನು ಕಠಿಣ ಮನುಷ್ಯನೆಂದು ಭಾವಿಸಿ ಹೆದರಿದ್ದರಿಂದ. "ನಿನಗೆ ಟ್ಯಾಲೆಂಟ್ ಇಲ್ಲ" ಎಂಬ ನಮ್ಮ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಅದೇ ಭಯವನ್ನು ಬಿತ್ತಬಲ್ಲದು. ಆ ಮೇಲೆ ಮಗು ತನಗೆ ದೊರೆತದ್ದನ್ನು ಮಣ್ಣಿನಲ್ಲಿ ಅಡಗಿಸಿದರೆ, ಅದರ ಲೆಕ್ಕವನ್ನು ಯಾರಿಂದ ಕೇಳಬೇಕು?