ದೇಶ ಸುತ್ತಿ ನೋಡು, ಕೋಶ ಓದಿ ನೋಡು

ಶಾಲೆಯ ಗೋಡೆಗಳ ಮೇಲೆ ಬರೆಸಿಕೊಂಡು ಹಳತಾದ ಗಾದೆ ಇದು. ಅರಿವಿಗೆ ದಾರಿ ಎರಡು, ತಿರುಗಾಟ ಮತ್ತು ಓದು ಎಂದು ಅದಕ್ಕೆ ಅರ್ಥ ಹೇಳುತ್ತೇವೆ. ತಿರುಗಲಾಗದವರು ಓದಲಿ, ಓದಲಾಗದವರು ತಿರುಗಲಿ ಎಂಬ ಸಮಾಧಾನವನ್ನೂ ಅದರೊಳಗೆ ಸೇರಿಸಿಕೊಂಡಿದ್ದೇವೆ. ಪಾಠ ಹೇಳುತ್ತಲೇ ಕಾದಂಬರಿ ಬರೆದ ನಮ್ಮ ಮೇಷ್ಟರುಗಳ ಬದುಕನ್ನು ನೋಡಿದರೆ ಈ ಪಾಲು ಹಂಚಿಕೆ ಸರಿಯಲ್ಲ. ಅವರಿಗೆ ಒಂದನ್ನು ಬಿಟ್ಟು ಇನ್ನೊಂದು ದಕ್ಕಲಿಲ್ಲ.

ಯು.ಆರ್. ಅನಂತಮೂರ್ತಿ 1960ರ ದಶಕದಲ್ಲಿ ಪಿಎಚ್.ಡಿ.ಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. ಓದುತ್ತಿದ್ದದ್ದು 1930ರ ದಶಕದ ಇಂಗ್ಲಿಷ್ ಕಥನ ಮತ್ತು ರಾಜಕೀಯದ ಸಂಬಂಧ. ಅಲ್ಲಿ ಅಧ್ಯಾಪಕರಾಗಿದ್ದ ಮಾಲ್ಕಮ್ ಬ್ರ್ಯಾಡ್‌ಬರಿ ಕೂಡ ಕಾದಂಬರಿಕಾರರೇ. ಅವರ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆ ಇಲ್ಲದೆ ನೋಡಿದ್ದನ್ನು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ತೆರೆಯ ಮೇಲಿದ್ದದ್ದು ಪ್ಲೇಗು ಬಡಿದ ಮಧ್ಯಯುಗದ ಯುರೋಪು. ಅವರ ಮನಸ್ಸಿನಲ್ಲಿ ಎದ್ದು ನಿಂತದ್ದು ಮಲೆನಾಡಿನ ಅಗ್ರಹಾರ. ಹೆಣ ಎತ್ತುವವರಿಲ್ಲದೆ ಕೂತ ದೂರ್ವಾಸಪುರ, ಗ್ರಂಥಗಳಲ್ಲಿ ಉತ್ತರ ಹುಡುಕಿ ಸೋತ ಪ್ರಾಣೇಶಾಚಾರ್ಯ ಹುಟ್ಟಿದ್ದು ಹೀಗೆ. ಇದೆಲ್ಲ ಬರುವ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಹೊರಬಂತು. ಸುತ್ತಿದ್ದು ಪರದೇಶ, ಓದಿದ್ದು ಪರಭಾಷೆಯ ಕೋಶ, ಕಂಡದ್ದು ತನ್ನ ಊರು. ದೂರ ಹೋದದ್ದರಿಂದಲೇ ಹತ್ತಿರದ್ದು ಸ್ಪಷ್ಟವಾಯಿತು.

ಎಸ್.ಎಲ್. ಭೈರಪ್ಪನವರದು ಇನ್ನೊಂದು ಬಗೆ. ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರು ಎಂದು ಊರೂರಿನಲ್ಲಿ ಪಾಠ ಹೇಳಿದ ತತ್ತ್ವಶಾಸ್ತ್ರದ ಮೇಷ್ಟರು. 1979ರಲ್ಲಿ ಬಂದ ‘ಪರ್ವ’ ಕಾದಂಬರಿಗಾಗಿ ಮಹಾಭಾರತವನ್ನೂ ಅದರ ಸುತ್ತಲಿನ ವಿದ್ವತ್ತನ್ನೂ ಓದಿದ್ದು ಸಾಲದೆಂದು ಹಿಮಾಲಯದ ಸೀಮೆಯನ್ನೂ ಪುರಾಣದ ಊರುಗಳನ್ನೂ ಸುತ್ತಿದರು. ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಉಳಿದಿದ್ದ ಹಳ್ಳಿಯನ್ನು ಕಣ್ಣಾರೆ ಕಂಡರು. ಇಂಥ ಹುಡುಕಾಟದ ಬಲವಿದ್ದುದರಿಂದಲೇ ಅವರ ದ್ರೌಪದಿ ಪುರಾಣದಿಂದಿಳಿದು ಐದು ಗಂಡಂದಿರ ಸಂಸಾರ ತೂಗಿಸುವ ಹೆಣ್ಣಾದಳು.

ಬರ್ಮಿಂಗ್‌ಹ್ಯಾಮು, ಹಿಮಾಲಯ ಎಲ್ಲರಿಗೂ ಎಟುಕುವುದಿಲ್ಲ, ನಿಜ. ತಾಲೂಕು ಕೇಂದ್ರದ ಕಾಲೇಜಿನಲ್ಲಿ ಪಾಠ ಹೇಳಿ, ರಾತ್ರಿ ಊಟವಾದ ಮೇಲೆ ಕತೆ ಬರೆಯುವ ಮೇಷ್ಟರಿಗೆ ರಜೆಯೂ ಇಲ್ಲ, ಸವಡೂ ಇಲ್ಲ. ಆದರೆ ಅವರಿರುವಲ್ಲಿಗೆ ದೇಶ ತಾನೇ ಬಸ್ಸು ಹತ್ತಿ ಬರುತ್ತದೆ. ಹಾಜರಿ ಪುಸ್ತಕ ತೆರೆದು ಹೆಸರು ಕರೆಯುವಾಗ ಒಂದು ಹೆಸರಿಗೆ ವಾರದಿಂದ ಉತ್ತರವಿಲ್ಲ. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದು ಎಂದು ಗದರಿದರೆ, ಅಡಿಕೆ ಕೊಯ್ಲಿತ್ತು ಸಾರ್ ಎನ್ನುತ್ತಾನೆ ಹುಡುಗ. ಸುಲಿದ ಅಡಿಕೆಯ ಕರೆ ಬೆರಳ ಸಂದಿಯಲ್ಲಿ ಇನ್ನೂ ಕಪ್ಪಗಿದೆ. ಸ್ವಂತ ತೋಟವೋ ಕೂಲಿಯೋ ಎಂದು ಕೇಳಿದರೆ ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ. ಪುಸ್ತಕದಲ್ಲಿ ಅದು ಗೈರುಹಾಜರಿ, ಕೇಳುವ ಮನಸ್ಸಿದ್ದರೆ ಒಂದು ಮನೆಯ ಚರಿತ್ರೆ. ಗಾದೆಯ ಎರಡು ಮಾತೂ ಅಲ್ಲಿ ಒಂದೇ ಪುಟದಲ್ಲಿವೆ.

ಪಾಠ, ಬರವಣಿಗೆ ಎಂಬ ಈ ಎರಡು ಕಸುಬನ್ನು ಒಟ್ಟಿಗೆ ಮಾಡುವವರಿಗೆ ಒಂದು ಅಪಾಯವೂ ಉಂಟು. ತರಗತಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಬೇಕು. ಅದು ಮೇಷ್ಟರ ಧರ್ಮ. ಕತೆಯಲ್ಲಿ ಬಿಡಿಸಿ ಹೇಳಿದಷ್ಟೂ ಪಾತ್ರ ಬಡವಾಗುತ್ತದೆ. ಹಗಲೆಲ್ಲ ವಿವರಿಸಿದ ನಾಲಿಗೆ ರಾತ್ರಿ ಸುಮ್ಮನಿರಲು ಒಪ್ಪದೆ ಪಾತ್ರಗಳ ಬಾಯಲ್ಲಿ ಉಪನ್ಯಾಸ ಮಾಡಿಸಿಬಿಡುತ್ತದೆ. ಓದಿದ ಕೋಶವನ್ನು ಮೆರೆಸದೆ, ಎದುರಿಗಿರುವ ಮನುಷ್ಯರನ್ನು ಕಾಣಲು ಅದನ್ನು ಬಳಸುವುದೇ ಇದಕ್ಕೆ ಪರಿಹಾರ. ಗಾದೆ ಓದಿ ಹೇಳು ಎನ್ನುವುದಿಲ್ಲ, ಓದಿ ನೋಡು ಎನ್ನುತ್ತದೆ.

ಇಂದು ಮೇಷ್ಟರ ದಿನವನ್ನು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಆಂತರಿಕ ಅಂಕ, ಸೆಮಿಸ್ಟರಿಗೊಂದು ಮೌಲ್ಯಮಾಪನ ನುಂಗುತ್ತಿವೆ. ಇದರಲ್ಲಿ ಮೊದಲು ಹೋಗುವುದು ಬರೆಯುವ ಹೊತ್ತಲ್ಲ, ವಿದ್ಯಾರ್ಥಿಯ ಜೊತೆ ಕೂತು ಮಾತಾಡುವ ಹೊತ್ತು. ಅದು ಹೋದರೆ ಬರೆಯಲು ಹೊತ್ತು ಸಿಕ್ಕೂ ಪ್ರಯೋಜನವಿಲ್ಲ. ಮೇಷ್ಟರು ಕತೆ ಬರೆಯಬೇಕೆಂದು ಬಯಸುವ ಕಾಲೇಜು ಮೊದಲು ಅವರಿಗೆ ಮಕ್ಕಳ ಮಾತು ಕೇಳಲು ಬಿಡುವು ಕೊಡಲಿ. ಪಾಠಕ್ಕೆ ಬೇಕಾದದ್ದೂ ಅದೇ.